ಸ್ಟೀರಿಂಗ್ ಭಾರವಾದ ಆ ಗಳಿಗೆ

(ಕಲಬುರಗಿಯ ಬಡಾವಣೆಯೊಂದರ ಸಮುದಾಯ ಭವನದಲ್ಲಿ, ಹಳೆಯ ಕಾರು ಇಟ್ಟುಕೊಂಡಿರುವ ಕುಟುಂಬಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅವಸರದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಒಳಗೆ ಬರುವ ಮುನ್ನ ಹೊರಗೆ ನಿಲ್ಲಿಸಿರುವ ನಿಮ್ಮ ಕಾರುಗಳನ್ನು ಒಂದು ಸುತ್ತು ನೋಡಿಕೊಂಡು ಬಂದೆ. ಹತ್ತು ವರ್ಷ ದಾಟಿದವೇ ಹೆಚ್ಚು. ಎರಡು ಕಾರುಗಳ ಕೆಳಗೆ ಫರಶಿಯ ಮೇಲೆ ಎಣ್ಣೆ ಬಿದ್ದಿದೆ. ಒಂದು ಕಪ್ಪು, ಅದು ಎಂಜಿನ್ ಆಯಿಲ್, ಅದರ ಮಾತು ಇನ್ನೊಂದು ದಿನ ಆಡೋಣ. ಇನ್ನೊಂದು ಕೆಂಪು, ಅದು ಪವರ್ ಸ್ಟೀರಿಂಗಿನ ಎಣ್ಣೆ, ಇವತ್ತಿನ ಮಾತು ಅದರದೇ. ರೂಪಾಯಿ ನಾಣ್ಯದಷ್ಟು ಅಗಲ, ಮುಂದಿನ ಬಲ ಚಕ್ರದ ಹತ್ತಿರ. ಆ ಕಾರು ಯಾರದೆಂದು ಈಗ ಕೇಳುವುದಿಲ್ಲ. ಆದರೆ ಇವತ್ತಿನ ಮಾತು ಮುಗಿದ ಮೇಲೆ ಅವರು ನನ್ನನ್ನು ನೋಡದೆ ಮನೆಗೆ ಹೋಗಬಾರದು.

ಮೂವತ್ತು ವರ್ಷ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಆಟೊಮೊಬೈಲ್ ಪಾಠ ಹೇಳಿದವನು ನಾನು. ಸ್ಟೀರಿಂಗಿನ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹಾಗಿದ್ದೂ ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ನಡೆದದ್ದನ್ನು ಮೊದಲು ಹೇಳಬೇಕು.

ಮೇ ತಿಂಗಳು. ಬೀದರಿನಲ್ಲಿ ನನ್ನ ಹೆಂಡತಿಯ ಅಕ್ಕನ ಮಗಳ ಮದುವೆ. ನಮ್ಮದು ಆಗಲೇ ಹದಿಮೂರು ವರ್ಷದ ಡೀಸೆಲ್ ಕಾರು. ಪಕ್ಕದಲ್ಲಿ ಹೆಂಡತಿ, ಹಿಂದೆ ನನ್ನ ತಾಯಿ, ಮಗಳು, ಮೂರು ವರ್ಷದ ಮೊಮ್ಮಗ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡು ಹುಮನಾಬಾದ್ ಕಡೆಗೆ ಹೊರಟಿದ್ದೆವು. ಒಂದು ಇಳಿಜಾರಿನ ತಿರುವು ಹತ್ತಿರವಾಗುತ್ತಿದ್ದಾಗ ಬಾನೆಟ್ಟಿನ ಕೆಳಗೆ ಏನೋ ಪಟಪಟನೆ ಬಡಿದ ಸದ್ದಾಯಿತು. ಮುಂದಿನ ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಎಡಕ್ಕೆ ತಿರುಗಿಸಲು ಹೋದರೆ ಸ್ಟೀರಿಂಗ್ ಕಲ್ಲಿನಂತೆ ನಿಂತಿದೆ.

ಆ ಒಂದು ಗಳಿಗೆ ನನ್ನ ತಲೆಗೆ ಗೊತ್ತಿದ್ದದ್ದೆಲ್ಲ ಕೈಗೆ ಗೊತ್ತಿರಲಿಲ್ಲ. ಸ್ಟೀರಿಂಗ್ ಲಾಕ್ ಆಯಿತು, ಇನ್ನು ಕಾರು ನನ್ನದಲ್ಲ ಎಂದೇ ಕೈ ನಂಬಿತು. ಎದುರಿನಿಂದ ಸಿಮೆಂಟ್ ಲಾರಿ ಬರುತ್ತಿತ್ತು. ಹೆಂಡತಿ ಕೂಗಿಕೊಂಡಳು. ಆಮೇಲೆ ತಲೆ ಕೈಗೆ ಹೇಳಿತು: ಹೋಗಿರುವುದು ಸ್ಟೀರಿಂಗಿಗೆ ಬಲ ಕೊಡುವ ಪಂಪು, ಸ್ಟೀರಿಂಗ್ ಅಲ್ಲ, ಎಳೆ. ಎರಡೂ ಕೈಯಿಂದ, ಹೆಗಲು ಕೊಟ್ಟು ಎಳೆದೆ. ತಿರುಗಿತು. ಭಾರವಾಗಿ, ನಿಧಾನವಾಗಿ, ಆದರೆ ತಿರುಗಿತು. ಲಾರಿ ದಾಟಿಹೋಯಿತು. ಬ್ರೇಕ್ ಒತ್ತಿದೆ, ಎರಡನೆಯ ಸಲ ಒತ್ತುವಷ್ಟರಲ್ಲಿ ಅದೂ ಗಟ್ಟಿಯಾಗತೊಡಗಿತ್ತು. ರಸ್ತೆಯ ಎಡ ಅಂಚಿನ ಜಾಲಿ ಗಿಡಗಳ ಪಕ್ಕ ಕಾರು ನಿಂತಿತು. ತಾಯಿ ಏನೂ ಮಾತನಾಡದೆ ಮೊಮ್ಮಗನನ್ನು ಅಪ್ಪಿಕೊಂಡು ಕುಳಿತಿದ್ದರು.

ಕಪ್ಪು ಹಲಗೆಯ ಮೇಲೆ ಚಿತ್ರ ಬರೆದವನಿಗೇ ಒಂದು ಗಳಿಗೆ ಹಾಗೆ ಅನ್ನಿಸಿತೆಂದರೆ, ಈ ವಿಷಯವನ್ನು ಯಾರೂ ಹೇಳಿಕೊಡದೇ ಕಾರು ಓಡಿಸುತ್ತಿರುವ ನಿಮ್ಮ ಮಗನಿಗೆ, ನಿಮ್ಮ ಸೊಸೆಗೆ ಹೇಗೆ ಅನ್ನಿಸಬೇಡ? ನಾನು ಇಲ್ಲಿ ನಿಂತಿರುವುದು ಅದಕ್ಕಾಗಿ.

ಮೊದಲು ಯಂತ್ರದ ಮಾತು. ನಮ್ಮ ಎರೆ ಭೂಮಿಯಲ್ಲಿ ಮಳೆಗಾಲ ಕಂಡವರಿಗೆ ಇದನ್ನು ಹೇಳುವುದು ಸುಲಭ. ತುಂಬಿದ ಗಾಡಿ ಕೆಸರಿನಲ್ಲಿ ಹೂತಾಗ ಏನು ಮಾಡುತ್ತಿದ್ದೆವು? ಗಾಡಿಯ ಜೋಡೆತ್ತುಗಳ ಮುಂದೆ ಇನ್ನೊಂದು ಜೋಡಿಯನ್ನು ಹಗ್ಗದಿಂದ ಕಟ್ಟಿ ಎಳೆಸುತ್ತಿದ್ದೆವು. ಆ ಹಗ್ಗ ಹರಿದರೆ ಮುಂದಿನ ಜೋಡಿ ಬಿಟ್ಟುಹೋಗುತ್ತದೆ. ಆದರೆ ಗಾಡಿಯ ನೊಗ ಹಿಂದಿನ ಜೋಡಿಯ ಹೆಗಲ ಮೇಲೆ ಹಾಗೆಯೇ ಇರುತ್ತದೆ. ಪವರ್ ಸ್ಟೀರಿಂಗ್ ಎಂದರೆ ಆ ಮುಂದಿನ ಜೋಡಿ. ನಿಮ್ಮ ಕೈಯಲ್ಲಿರುವ ಚಕ್ರದಿಂದ ಒಂದು ಕಬ್ಬಿಣದ ದಂಡ ಕೆಳಗಿಳಿಯುತ್ತದೆ. ಅದರ ತುದಿಯ ಹಲ್ಲುಚಕ್ರ, ಅಡ್ಡಲಾಗಿ ಮಲಗಿರುವ ಹಲ್ಲಿನ ಸರಳನ್ನು, ಅಂದರೆ ರ‍್ಯಾಕನ್ನು ಎಡಕ್ಕೂ ಬಲಕ್ಕೂ ಸರಿಸುತ್ತದೆ. ರ‍್ಯಾಕಿನ ಎರಡು ತುದಿಗೆ ಟೈ ರಾಡುಗಳೆಂಬ ಜೋಡಣೆಯ ಸರಳುಗಳು, ಅವುಗಳಿಗೆ ಚಕ್ರಗಳು. ಜೀಪಿನ ಜಾತಿಯ ಕೆಲವು ವಾಹನಗಳಲ್ಲಿ ರ‍್ಯಾಕಿನ ಬದಲು ಸ್ಟೀರಿಂಗ್ ಬಾಕ್ಸ್ ಇರುತ್ತದೆ, ಅಷ್ಟೇ ವ್ಯತ್ಯಾಸ. ನಿಮ್ಮ ಹಳೆಯ ಕಾರಿನಲ್ಲಿ ಕೈಯಿಂದ ಚಕ್ರದವರೆಗೆ ಈ ಕಬ್ಬಿಣದ ಸಂಬಂಧ ಎಲ್ಲೂ ಕಡಿದಿಲ್ಲ. ಎಣ್ಣೆ ಸೋರಲಿ, ಬೆಲ್ಟು ಹರಿಯಲಿ, ಫ್ಯೂಸ್ ಹೋಗಲಿ, ಆ ಸಂಬಂಧ ಉಳಿದಿರುತ್ತದೆ.

ಈ ಸಹಾಯ ಕಾರಿಗೆ ಬಂದದ್ದು ತೀರ ಹಿಂದೇನಲ್ಲ. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲೇ ಎಣ್ಣೆಯ ಒತ್ತಡದಿಂದ ನಡೆಯುವ ಸ್ಟೀರಿಂಗನ್ನು ಮಾಡಿ ತೋರಿಸಿದ್ದ. ಆದರೂ ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನ ಮೂಲಕ. ನಡುವಿನ ಮಹಾಯುದ್ಧದಲ್ಲಿ ಸೈನ್ಯದ ಭಾರಿ ವಾಹನಗಳು ಅದನ್ನು ಬಳಸಿಕೊಂಡಿದ್ದವು. ವಿದ್ಯುತ್ ಮೋಟರಿನಿಂದ ನಡೆಯುವ ಸ್ಟೀರಿಂಗನ್ನು 1988ರಲ್ಲಿ ಜಪಾನಿನ ಸುಝುಕಿ ಕಂಪನಿ ತನ್ನ ಸರ್ವೋ ಎಂಬ ಪುಟ್ಟ ಕಾರಿಗೆ ಕೂರಿಸಿತು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿ ಓಡಿಸಿದ ಹಿರಿಯರು ಈ ಸಭೆಯಲ್ಲೇ ಕುಳಿತಿದ್ದೀರಿ. ಯಾವ ಸಹಾಯವೂ ಇಲ್ಲದೆ ಹೈದರಾಬಾದಿಗೂ ಸೊಲ್ಲಾಪುರಕ್ಕೂ ಹೋಗಿ ಬಂದಿದ್ದೀರಿ.

ಹಾಗಾದರೆ ಪಂಪು ಕೆಟ್ಟ ಕಾರು ಅಂಬಾಸಿಡರಿನಷ್ಟೇ ಭಾರವಾಗುತ್ತದೆ, ಅದರಲ್ಲೇನು ಎಂದು ಕೇಳಬಹುದು. ಅಲ್ಲ, ಅದಕ್ಕಿಂತ ಹೆಚ್ಚು ಭಾರವಾಗುತ್ತದೆ. ಆ ಕಾಲದ ಸ್ಟೀರಿಂಗ್ ಚಕ್ರ ದೊಡ್ಡದು, ಟೈರು ಸಣ್ಣದು, ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಲು ಹೆಚ್ಚು ಸುತ್ತು ಬೇಕಾಗುತ್ತಿತ್ತು. ಸುತ್ತು ಹೆಚ್ಚಿದ್ದಷ್ಟೂ ಕೈಗೆ ಹಗುರ. ಸಹಾಯ ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ ಮಾಡಿದ ಕಾರುಗಳಲ್ಲಿ ಸುತ್ತು ಕಡಿಮೆ ಮಾಡಿದರು, ಟೈರು ಅಗಲ ಮಾಡಿದರು, ಚಕ್ರ ಸಣ್ಣದು ಮಾಡಿದರು. ಸಹಾಯ ಹೋದಾಗ ಆ ಮೂರೂ ಭಾರ ಒಟ್ಟಿಗೆ ಕೈಮೇಲೆ ಬೀಳುತ್ತವೆ. ವೇಗವಿದ್ದಾಗ ಸ್ವಲ್ಪ ಹಗುರ, ನಿಧಾನವಾದಷ್ಟೂ ಭಾರ, ನಿಂತಾಗ ಎಲ್ಲಕ್ಕಿಂತ ಭಾರ. ಇದನ್ನು ನೆನಪಿಡಬೇಕು, ಏಕೆಂದರೆ ಹೆದರಿದವನು ಬ್ರೇಕ್ ಒತ್ತುತ್ತಾನೆ, ವೇಗ ಇಳಿಯುತ್ತದೆ, ಸ್ಟೀರಿಂಗ್ ಇನ್ನೂ ಭಾರವಾಗುತ್ತದೆ, ಪೂರ್ತಿ ಸಿಕ್ಕಿಕೊಂಡಿತೆಂದು ಅವನು ಇನ್ನಷ್ಟು ಹೆದರುತ್ತಾನೆ.

ಈಗ ನನ್ನ ಕಾರಿಗೆ ಆದದ್ದೇನು ಎಂಬುದಕ್ಕೆ ಬರೋಣ. ಅದರಲ್ಲಿ ನಿಮಗೆ ಬೇಕಾದ ಬಹುಪಾಲು ಪಾಠವಿದೆ.

ಎಣ್ಣೆಯ ಸ್ಟೀರಿಂಗಿನಲ್ಲಿ ಎಂಜಿನ್ನಿನ ಬೆಲ್ಟು ಒಂದು ಸಣ್ಣ ಪಂಪನ್ನು ತಿರುಗಿಸುತ್ತದೆ. ಪಂಪು ಡಬ್ಬಿಯಿಂದ ಎಣ್ಣೆ ಎಳೆದು, ರಬ್ಬರಿನ ಹೋಸ್ ಪೈಪಿನ ಮೂಲಕ ರ‍್ಯಾಕಿಗೆ ತಳ್ಳುತ್ತದೆ. ನೀವು ಯಾವ ಕಡೆಗೆ ತಿರುಗಿಸುತ್ತೀರೋ ಆ ಕಡೆಗೆ ಎಣ್ಣೆ ರ‍್ಯಾಕನ್ನು ನೂಕುತ್ತದೆ. ಒತ್ತಡ ಎಷ್ಟೆಂದು ತಿಳಿಯಲು ಒಂದು ಹೋಲಿಕೆ ಕೊಡುತ್ತೇನೆ. ನಿಮ್ಮ ಟೈರಿನಲ್ಲಿ ಗಾಳಿ ಚದರ ಇಂಚಿಗೆ ಸುಮಾರು 32 ಪೌಂಡ್. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದಾಗ ಈ ಹೋಸಿನಲ್ಲಿ ಅದು 1000 ಪೌಂಡ್ ದಾಟುತ್ತದೆ. ಮೂವತ್ತು ಪಟ್ಟಿಗೂ ಹೆಚ್ಚು. ಆ ಒತ್ತಡವನ್ನು ತಡೆದುಕೊಂಡಿರುವುದು ಒಂದು ರಬ್ಬರ್ ಕೊಳವೆ ಮತ್ತು ಅದನ್ನು ಕಬ್ಬಿಣದ ತುದಿಗೆ ಅದುಮಿ ಕೂರಿಸಿದ ಒಂದು ಬಳೆ. ಅದರ ಸುತ್ತಮುತ್ತ ಎಂಜಿನ್ನಿನ ಕಾವು. ಹೊರಗೆ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು. ಇಲ್ಲಿ 42, 43 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹದಿಮೂರು ಬೇಸಿಗೆ ಕಂಡ ರಬ್ಬರು ಒಣಗಿದ ಚರ್ಮದಂತೆ ಬಿರಿಯುತ್ತದೆ. ನನ್ನ ಕಾರಿನ ಆ ಬಳೆಯ ಹತ್ತಿರ ಹೋಸು ಬೆವರತೊಡಗಿತ್ತು.

ನನಗೆ ಅದು ಗೊತ್ತಿತ್ತು. ಮೂರು ವಾರದಿಂದ ಬೆಳಿಗ್ಗೆ ಕಾರು ತೆಗೆಯುವಾಗ, ತಿರುಗಿಸಿದರೆ ಸಾಕು, ನೊಂದ ಕರುವಿನ ಹಾಗೆ ನರಳುತ್ತಿತ್ತು. ಡಬ್ಬಿ ನೋಡಿದರೆ ಎಣ್ಣೆ ಕೆಳಗಿನ ಗೆರೆಗಿಂತ ಕಡಿಮೆ. ತುಂಬಿಸಿದೆ. ವಾರ ಕಳೆದ ಮೇಲೆ ಮತ್ತೆ ತುಂಬಿಸಿದೆ. ಮದುವೆ ಮುಗಿಯಲಿ, ಆಮೇಲೆ ಹೋಸು ಬದಲಿಸೋಣ ಎಂದುಕೊಂಡೆ. ಬೆವರಿದ ಎಣ್ಣೆ ಗಾಳಿಗೆ ಹಾರಿ ಕೆಳಗಿನ ಬೆಲ್ಟಿನ ಮೇಲೆ ಬೀಳುತ್ತಿತ್ತು. ಎಣ್ಣೆ ಕುಡಿದ ರಬ್ಬರು ಮೆತ್ತಗಾಗುತ್ತದೆ, ಉಬ್ಬುತ್ತದೆ, ಪದರು ಬಿಡುತ್ತದೆ. ಆ ಬೆಳಿಗ್ಗೆ ಹರಿದದ್ದು ಆ ಬೆಲ್ಟು. ನಮ್ಮ ಕಾರಿನಲ್ಲಿ ಸ್ಟೀರಿಂಗ್ ಪಂಪು, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಎಂಜಿನ್ ತಂಪಿಡುವ ನೀರಿನ ಪಂಪು ಮೂರನ್ನೂ ತಿರುಗಿಸುವುದು ಅದೊಂದೇ ಬೆಲ್ಟು. ಅದಕ್ಕೇ ಬ್ಯಾಟರಿಯ ದೀಪ ಹತ್ತಿತು. ಹಳೆಯ ಹಲವು ಡೀಸೆಲ್ ವಾಹನಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಕುಳಿತಿರುತ್ತದೆ, ನಮ್ಮದರಲ್ಲೂ ಹಾಗೆಯೇ. ಅದಕ್ಕೇ ಬ್ರೇಕೂ ಗಟ್ಟಿಯಾಯಿತು. ನೀರಿನ ಪಂಪು ನಿಂತಿದ್ದರಿಂದ ಹಾಗೆಯೇ ಓಡಿಸಿದ್ದರೆ ಎಂಜಿನ್ ಕಾದು ಅದರ ಮೇಲ್ಭಾಗ, ಅಂದರೆ ಹೆಡ್ಡು ಹೋಗಬಹುದಿತ್ತು. ಒಂದು ಹೋಸಿನ ತುದಿಯಲ್ಲಿ ಒಸರಿದ ಹನಿ ಎಲ್ಲಿಂದ ಎಲ್ಲಿಗೆ ಮುಟ್ಟಿತು ನೋಡಿ. ಆ ಮೂರು ವಾರ ನನ್ನ ತಪ್ಪು, ಕಾರಿನದಲ್ಲ.

ಹಾಗಾಗಿ ಕಾರು ಮುಂಚೆ ಆಡುವ ಮಾತುಗಳನ್ನು ಕಲಿಯೋಣ. ಸ್ಟೀರಿಂಗ್ ಭಾರ ಎನಿಸಿದರೆ ಮೊದಲು ಟೈರಿನ ಗಾಳಿ ನೋಡಿ. ಇದನ್ನು ಹೇಳಲು ಸಂಕೋಚವೇ ಆಗುತ್ತದೆ, ಆದರೆ ಪಂಪು ಬಿಚ್ಚಿಸಿದ ಮೇಲೆ ಗಾಳಿ ಕಡಿಮೆಯಿತ್ತು ಎಂದು ಗೊತ್ತಾದ ಕಾರುಗಳನ್ನು ಕಂಡಿದ್ದೇನೆ. ಗಾಳಿ ಸರಿಯಿದ್ದರೆ ಬಾನೆಟ್ ತೆಗೆದು ಡಬ್ಬಿ ನೋಡಿ. ಎಣ್ಣೆಯ ಬಣ್ಣ ಹೆಚ್ಚಿನ ಕಾರುಗಳಲ್ಲಿ ದಾಳಿಂಬೆ ರಸದಂತೆ ಇರಬೇಕು. ಚಹಾದ ಡಿಕಾಕ್ಷನ್‌ನಂತೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆಯ ಆಯುಷ್ಯ ಮುಗಿದಿದೆ. ಮೇಲೆ ಮಜ್ಜಿಗೆಯಂತೆ ನೊರೆ ಎದ್ದಿದ್ದರೆ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ನರಳುವ ಸದ್ದು ಆ ಗಾಳಿಯದೇ. ಪೂರ್ತಿ ತಿರುಗಿಸಿದಾಗ ಮಾತ್ರ ಕಿರ್ರೆಂದು ಚೀರಿದರೆ ಬೆಲ್ಟು ಜಾರುತ್ತಿದೆ.

ಇನ್ನೊಂದು ನಮ್ಮ ಊರಿಗೆ ವಿಶೇಷವಾದದ್ದು. ಬೆಳಿಗ್ಗೆ ಸ್ಟೀರಿಂಗ್ ಚೆನ್ನಾಗಿರುತ್ತದೆ, ಮಧ್ಯಾಹ್ನ ಬಿಸಿಲಿನಲ್ಲಿ ಸಿಗ್ನಲ್ ಹತ್ತಿರ ನಿಂತು ತಿರುಗಿಸುವಾಗ ಭಾರ, ಸ್ವಲ್ಪ ಎಕ್ಸಲರೇಟರ್ ಕೊಟ್ಟರೆ ಮತ್ತೆ ಹಗುರ. ಕಾದ ಎಣ್ಣೆ ತೆಳ್ಳಗಾಗಿ ಸವೆದ ಪಂಪಿನೊಳಗೇ ನುಸುಳಿಕೊಳ್ಳುತ್ತದೆ, ಎಂಜಿನ್ ನಿಧಾನವಿದ್ದಾಗ ಒತ್ತಡ ಸಾಲುವುದಿಲ್ಲ. ಬೆಲ್ಟು ಬಿಗಿಯಿದ್ದೂ ಹೀಗಾದರೆ ಪಂಪು ಮುದಿಯಾಗಿದೆ ಎಂದು ತಿಳಿಯಿರಿ. ಮುಂದಿನ ಬೇಸಿಗೆಯವರೆಗೆ ಕಾಯಬೇಡಿ.

ರ‍್ಯಾಕಿನ ಎರಡು ತುದಿಯಲ್ಲಿ ಹಾರ್ಮೋನಿಯಂ ತಿದಿಯಂತಹ ರಬ್ಬರ್ ಬೂಟುಗಳಿರುತ್ತವೆ. ಅವನ್ನು ಯಾರೂ ನೋಡುವುದಿಲ್ಲ. ಬೂಟು ಹರಿದರೆ ನಮ್ಮ ಎರೆ ಮಣ್ಣಿನ ಕೆಸರು ಒಳಗೆ ಹೋಗಿ ಕೂರುತ್ತದೆ, ಒಣಗಿ ಇಟ್ಟಿಗೆಯಾಗುತ್ತದೆ, ಮಳೆ ಬಂದಾಗ ಮತ್ತೆ ತೇವ ಹಿಡಿಯುತ್ತದೆ. ನಯವಾಗಿರಬೇಕಾದ ರ‍್ಯಾಕಿನ ದಂಡಕ್ಕೆ ತುಕ್ಕಿನ ಗುಳಿ ಬೀಳುತ್ತದೆ. ಆ ಗುಳಿ, ಎಣ್ಣೆ ಹೊರಗೆ ಬರದಂತೆ ತಡೆಯುವ ರಬ್ಬರ್ ಬಳೆಯನ್ನು, ಅಂದರೆ ಆಯಿಲ್ ಸೀಲನ್ನು ಕತ್ತರಿಸುತ್ತದೆ. ಆಳಂದ, ಅಫಜಲಪುರ ಕಡೆಯ ಹೊಲದ ದಾರಿಯಲ್ಲಿ ತೊಗರಿ ರಾಶಿಯ ಕಾಲದಲ್ಲಿ ಕಾರು ಒಯ್ಯುವವರು ವರ್ಷಕ್ಕೆ ಎರಡು ಸಲವಾದರೂ ಆ ಬೂಟುಗಳನ್ನು ಕೈಯಿಂದ ಮುಟ್ಟಿ ನೋಡಿಸಬೇಕು. ಬೂಟಿನೊಳಗೆ ಎಣ್ಣೆ ತುಂಬಿದ್ದರೆ ಸೀಲು ಆಗಲೇ ಹೋಗಿದೆ. ಬೂಟಿನ ಬೆಲೆ, ರ‍್ಯಾಕಿನ ಬೆಲೆ ಎರಡನ್ನೂ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ ನೋಡಿ, ಹೆಚ್ಚು ಹೇಳಬೇಕಾಗಿಲ್ಲ.

ಡಬ್ಬಿಗೆ ಏನು ಹಾಕಬೇಕು ಎಂಬುದರ ಬಗ್ಗೆ ನಾನು ಕಟುವಾಗಿ ಮಾತನಾಡುತ್ತೇನೆ, ಕ್ಷಮಿಸಿ. ಕಾರಿನ ಕೈಪಿಡಿಯಲ್ಲಿ ಅಥವಾ ಡಬ್ಬಿಯ ಮುಚ್ಚಳದ ಮೇಲೆ ಬರೆದ ಎಣ್ಣೆಯನ್ನು ಬಿಟ್ಟು ಬೇರೇನೂ ಹಾಕಬಾರದು. ದಾರಿಯಲ್ಲಿ ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಹಾಕಿದ ಕಾರು ನನ್ನ ಹತ್ತಿರ ಬಂದಿತ್ತು. ನಾವು ಆಯಿಲ್ ಎಂದು ಕರೆದರೂ ಸಾಮಾನ್ಯ ಬ್ರೇಕ್ ಆಯಿಲ್ ಖನಿಜ ಎಣ್ಣೆಯ ಜಾತಿಯದಲ್ಲ. ಸ್ಟೀರಿಂಗಿನ ರಬ್ಬರ್ ಸೀಲುಗಳು ಅದನ್ನು ಕುಡಿದು ಉಬ್ಬಿ ಕೊಳೆತವು. ಒಂದು ಲೋಟ ತಪ್ಪು ಎಣ್ಣೆಯಿಂದ ಪಂಪು, ರ‍್ಯಾಕು, ಹೋಸು ಎಲ್ಲವೂ ಹೋದವು. ಹಾಗೆಯೇ ಹೋಸಿನಲ್ಲಿ ಸಣ್ಣ ರಂಧ್ರದಿಂದ ಎಣ್ಣೆ ಚಿಮ್ಮುತ್ತಿದ್ದರೆ ಎಂಜಿನ್ ನಡೆಯುತ್ತಿರುವಾಗ ಬೆರಳಿಟ್ಟು ಹುಡುಕಬೇಡಿ. ಆ ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು, ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಹೊತ್ತಿಕೊಳ್ಳಲೂಬಲ್ಲದು.

ನಿಮ್ಮಲ್ಲಿ ಅರ್ಧ ಜನರ ಕಾರಿನಲ್ಲಿ ಎಣ್ಣೆಯ ಡಬ್ಬಿಯೇ ಇರುವುದಿಲ್ಲ. ಅದು ವಿದ್ಯುತ್ ಸ್ಟೀರಿಂಗ್. ದಂಡದ ಮೇಲೆ ಒಂದು ಸಂವೇದಕ ನಿಮ್ಮ ಕೈ ಎಷ್ಟು ಬಲ ಹಾಕುತ್ತಿದೆ ಎಂದು ಅಳೆಯುತ್ತದೆ, ಒಂದು ಪೆಟ್ಟಿಗೆ ಲೆಕ್ಕ ಹಾಕುತ್ತದೆ, ಮೋಟರು ತಳ್ಳುತ್ತದೆ. ಆ ಮೋಟರಿಗೆ ಹೊಟ್ಟೆಬಾಕನಷ್ಟು ಕರೆಂಟು ಬೇಕು. ನಿಂತಲ್ಲೇ ತಿರುಗಿಸುವಾಗ ಹತ್ತಾರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಸೋತಿದ್ದರೆ, ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡದಿದ್ದರೆ, ಅರ್ಥ್ ವೈರಿನ ತುದಿಗೆ ತುಕ್ಕು ಹಿಡಿದಿದ್ದರೆ, ಆ ಪೆಟ್ಟಿಗೆ ವೋಲ್ಟೇಜು ಇಳಿದದ್ದನ್ನು ಕಂಡು ಸಹಾಯ ನಿಲ್ಲಿಸಿಬಿಡುತ್ತದೆ. ಮುಂದಿನ ಫಲಕದಲ್ಲಿ ಸ್ಟೀರಿಂಗ್ ಚಕ್ರದ ಚಿತ್ರವುಳ್ಳ ಹಳದಿ ಅಥವಾ ಕೆಂಪು ದೀಪ ಹತ್ತುತ್ತದೆ.

ನಮ್ಮ ಓಣಿಯ ಒಬ್ಬ ಶಾಲಾ ಶಿಕ್ಷಕಿಗೆ ಹೀಗಾಗಿತ್ತು. ಗ್ಯಾರೇಜೊಂದರಲ್ಲಿ ಚಕ್ರದ ಕೆಳಗಿನ ದಂಡದ ಇಡೀ ಜೋಡಣೆ, ಅಂದರೆ ಸ್ಟೀರಿಂಗ್ ಕಾಲಮ್ಮೇ ಬದಲಿಸಬೇಕೆಂದು ಹೇಳಿ, ಎರಡು ತಿಂಗಳ ಸಂಬಳದಷ್ಟು ಅಂದಾಜು ಬರೆದುಕೊಟ್ಟಿದ್ದರು. ಆ ತಾಯಿ ಚೀಟಿ ಹಿಡಿದುಕೊಂಡು ನನ್ನ ಮನೆಗೆ ಬಂದರು. ಬಾನೆಟ್ ತೆಗೆದು ಬ್ಯಾಟರಿಯ ಟರ್ಮಿನಲ್ ಅಲ್ಲಾಡಿಸಿದರೆ ಕೈಯಲ್ಲೇ ತಿರುಗಿತು, ಬಿಳಿ ಪುಡಿ ಉದುರಿತು. ಬಿಸಿ ನೀರಿನಿಂದ ತೊಳೆದು, ಉಜ್ಜಿ, ಬಿಗಿ ಮಾಡಿದೆವು. ದೀಪ ಆರಿತು, ಇವತ್ತಿಗೂ ಹತ್ತಿಲ್ಲ. ಪ್ರತಿ ಸಲ ಇಷ್ಟು ಸುಲಭವಾಗಿ ಮುಗಿಯುತ್ತದೆ ಎನ್ನುತ್ತಿಲ್ಲ. ಸಂವೇದಕವೂ ಮೋಟರೂ ನಿಜವಾಗಿಯೇ ಕೆಡುತ್ತವೆ. ಆದರೆ ಸ್ಕ್ಯಾನರ್ ಹಾಕಿ ದೋಷದ ಸಂಖ್ಯೆ ಓದದೆ, ಬ್ಯಾಟರಿ ಅಳೆಯದೆ ಕಾಲಮ್ ಬದಲಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ. ಅಳತೆಯ ಚೀಟಿ ಕೇಳುವುದು ನಿಮ್ಮ ಹಕ್ಕು. ಮಿಸ್ತ್ರಿಯ ಮೇಲೆ ಅನುಮಾನ ಎಂದಲ್ಲ. ಒಳ್ಳೆಯ ಮಿಸ್ತ್ರಿ ಆ ಪ್ರಶ್ನೆಯಿಂದ ಸಂತೋಷಪಡುತ್ತಾನೆ.

ವಿದ್ಯುತ್ ಸ್ಟೀರಿಂಗಿನವರು ಶರಣಬಸವೇಶ್ವರರ ಜಾತ್ರೆಯ ದಿನ ಕಾಣುವ ಒಂದು ಸಂಗತಿಯಿದೆ. ಇಕ್ಕಟ್ಟಿನ ಜಾಗದಲ್ಲಿ ಕಾರು ತೂರಿಸಲು ಹತ್ತು ಸಲ ಹಿಂದೆ ಮುಂದೆ ಮಾಡುತ್ತೀರಿ, ನಿಂತಲ್ಲೇ ಚಕ್ರವನ್ನು ತುದಿಯಿಂದ ತುದಿಗೆ ತಿರುಗಿಸುತ್ತೀರಿ. ಸ್ಟೀರಿಂಗ್ ಮೆಲ್ಲನೆ ಭಾರವಾಗುತ್ತದೆ. ಮೋಟರು ಸುಡದಿರಲೆಂದು ಪೆಟ್ಟಿಗೆಯೇ ಬಲ ಕಡಿಮೆ ಮಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮರಳಿ ಬರುತ್ತದೆ. ಎಣ್ಣೆಯದಾದರೂ ಸರಿ, ಕರೆಂಟಿನದಾದರೂ ಸರಿ, ಪೂರ್ತಿ ತಿರುಗಿಸಿದ ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಅದುಮಿ ಹಿಡಿಯಬೇಡಿ, ಕಾರು ತುಸು ಚಲಿಸುತ್ತಿರುವಾಗಲೇ ತಿರುಗಿಸಿ.

ಓಡುವಾಗ ಸಹಾಯ ಹೋದರೆ ಏನು ಮಾಡಬೇಕು? ಎರಡೂ ಕೈ ಚಕ್ರದ ಎಡಬಲಕ್ಕೆ ಇರಲಿ. ಎಕ್ಸಲರೇಟರಿನಿಂದ ಕಾಲು ಮೆಲ್ಲಗೆ ತೆಗೆಯಿರಿ. ಗೇರ್ ತೆಗೆಯಬೇಡಿ. ಕೈಯಿಂದಲ್ಲ, ಹೆಗಲಿನಿಂದ ಎಳೆಯಿರಿ, ತಿರುವಿಗೆ ಸ್ವಲ್ಪ ಮುಂಚೆಯೇ ಎಳೆಯಲು ಶುರು ಮಾಡಿ. ಬ್ರೇಕನ್ನು ಪದೇ ಪದೇ ಒತ್ತಿ ಬಿಡಬೇಡಿ, ಒಂದೇ ಸಮನೆ ಒತ್ತಿ ಹಿಡಿಯಿರಿ, ಏಕೆಂದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಒಂದೆರಡು ಸಲದ ಬಲವಷ್ಟೇ ಉಳಿದಿರಬಹುದು. ನಾಲ್ಕೂ ಇಂಡಿಕೇಟರ್ ಹಾಕಿ ಎಡ ಅಂಚಿಗೆ ಬನ್ನಿ. ಎಲ್ಲಕ್ಕಿಂತ ಮುಖ್ಯವಾದದ್ದು, ಕಾರು ಪೂರ್ತಿ ನಿಲ್ಲುವವರೆಗೆ ಕೀಲಿಯನ್ನು ಮುಟ್ಟಬೇಡಿ. ಗಾಬರಿಯಲ್ಲಿ ಕೀಲಿ ತಿರುಗಿಸಿ ಕಿತ್ತರೆ, ಕಳ್ಳರಿಂದ ಕಾಯಲು ಇಟ್ಟಿರುವ ಕಬ್ಬಿಣದ ಮೊಳೆ ದಂಡದೊಳಗೆ ಬೀಳುತ್ತದೆ. ಅಲ್ಲಿಯವರೆಗೆ ಬರೀ ಭಾರವಾಗಿದ್ದ ಸ್ಟೀರಿಂಗ್ ಆಗ ನಿಜವಾಗಿ ಲಾಕ್ ಆಗುತ್ತದೆ.

ಇಲ್ಲಿಯೇ ಒಂದು ಕೆಟ್ಟ ರೂಢಿಯ ಬಗ್ಗೆ ಹೇಳಿಬಿಡುತ್ತೇನೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ಕಾರು ಬಿಡುವವರು ನಮ್ಮ ನಡುವೆ ಇದ್ದಾರೆ, ಅದನ್ನು ಜಾಣತನವೆಂದು ಮಕ್ಕಳಿಗೂ ಕಲಿಸುತ್ತಾರೆ. ಗೇರಿನಲ್ಲಿ ಇಳಿಯುತ್ತಿರುವ ಕಾರಿನಲ್ಲಿ ಎಂಜಿನ್ ಆರಿದರೂ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ, ಪಂಪುಗಳು ಸ್ವಲ್ಪವಾದರೂ ನಡೆಯುತ್ತಿರುತ್ತವೆ. ನ್ಯೂಟ್ರಲ್ ಮಾಡಿ ಎಂಜಿನ್ ಬಂದ್ ಮಾಡಿದರೆ ಸ್ಟೀರಿಂಗಿನ ಬಲವೂ ಹೋಯಿತು, ಒಂದೆರಡು ಒತ್ತಿಗೆ ಬ್ರೇಕಿನ ಬಲವೂ ಹೋಯಿತು, ಎಂಜಿನ್ನಿನ ಹಿಡಿತವೂ ಹೋಯಿತು. ಹಿಂದಿನ ಸೀಟಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಯಾರಾದರೂ ಇದನ್ನು ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಉಳಿಯುವುದು ಒಂದು ಕಪ್ ಚಹಾದ ದುಡ್ಡು.

ಇಷ್ಟನ್ನೂ ಕೇಳಿದ ಮಾತ್ರಕ್ಕೆ ನಿಮ್ಮ ಕೈ ಕಲಿಯುವುದಿಲ್ಲ. ನನ್ನ ಕೈ ಕಲಿತಿರಲಿಲ್ಲವಲ್ಲ. ಆದ್ದರಿಂದ ಒಂದು ಕೆಲಸ ಮಾಡಿ. ಭಾನುವಾರ ಬೆಳಿಗ್ಗೆ ಸಮತಟ್ಟಾದ ಖಾಲಿ ಮೈದಾನಕ್ಕೆ ಕಾರು ಒಯ್ಯಿರಿ. ಎಂಜಿನ್ ಆರಿಸಿ, ಕೀಲಿಯನ್ನು ಆನ್ ಸ್ಥಾನದಲ್ಲೇ ಬಿಡಿ, ಸ್ಟೀರಿಂಗ್ ಲಾಕ್ ಬಿದ್ದಿಲ್ಲವೆಂದು ನೋಡಿಕೊಳ್ಳಿ. ವಿದ್ಯುತ್ ಸ್ಟೀರಿಂಗ್ ಕೂಡ ಸಾಮಾನ್ಯವಾಗಿ ಎಂಜಿನ್ ನಡೆಯದಿದ್ದರೆ ಬಲ ಕೊಡುವುದಿಲ್ಲ. ಗೇರು ನ್ಯೂಟ್ರಲ್‌ನಲ್ಲಿರಲಿ. ಇಬ್ಬರು ಹಿಂದಿನಿಂದ ನಡಿಗೆಯ ವೇಗದಲ್ಲಿ ತಳ್ಳಲಿ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಹ್ಯಾಂಡ್ ಬ್ರೇಕ್ ಮೇಲೆ ಕೈಯಿಟ್ಟಿರಲಿ. ಮನೆಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಲಿ. ಬ್ರೇಕನ್ನೂ ಮೂರು ನಾಲ್ಕು ಸಲ ಒತ್ತಿ ಅದು ಗಟ್ಟಿಯಾಗುವುದನ್ನು ಕಾಲಿನಿಂದ ತಿಳಿಯಲಿ. ಆ ಭಾರ ಎಷ್ಟೆಂದು ತೋಳಿಗೆ ಒಮ್ಮೆ ಪರಿಚಯವಾದರೆ ಸಾಕು. ಹೆದ್ದಾರಿಯಲ್ಲಿ ಅದೇ ಭಾರ ಬಂದಾಗ ತೋಳು ಅದನ್ನು ಗುರುತಿಸುತ್ತದೆ. ಡ್ರೈವಿಂಗ್ ಕಲಿಸುವ ಪ್ರತಿಯೊಂದು ಕಡೆಯೂ ಇದನ್ನು ಮೊದಲ ವಾರವೇ ಮಾಡಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಪ್ರಶ್ನೆಗಳು ಹಲವು ಬಂದವು. ಗಂಜ್ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು, ಸೋರುವ ರ‍್ಯಾಕಿಗೆ ಸೀಲ್ ಕಿಟ್ ಹಾಕಿಸಬೇಕೇ, ಗುಜರಿಯಲ್ಲಿ ಸಿಗುವ ಹಳೆಯ ರ‍್ಯಾಕ್ ತಂದು ಕೂರಿಸಬೇಕೇ ಎಂದು ಕೇಳಿದರು. ಬಿಚ್ಚಿದಾಗ ದಂಡವನ್ನು ಉಗುರಿನಿಂದ ಸವರಿ ನೋಡಿ, ಕಾಕಾ, ಎಂದೆ. ಉಗುರು ಎಲ್ಲೂ ತಡೆಯದಿದ್ದರೆ ಸೀಲ್ ಕಿಟ್ ಸಾಕು, ವರ್ಷಗಟ್ಟಲೆ ನಡೆಯುತ್ತದೆ. ಗುಳಿ ಸಿಕ್ಕರೆ ಹೊಸ ಸೀಲು ಕೆಲವೇ ತಿಂಗಳಿನಲ್ಲಿ ಹರಿಯುತ್ತದೆ, ಆ ದುಡ್ಡು ನೀರಿಗೆ ಹಾಕಿದಂತೆ. ಗುಜರಿಯ ರ‍್ಯಾಕ್ ಯಾವ ಅಪಘಾತ ಕಂಡಿದೆಯೋ ಹೇಳುವವರಿಲ್ಲ. ನನ್ನ ಮಗಳು ಕೂರುವ ಕಾರಿಗೆ ನಾನು ಅದನ್ನು ಹಾಕಿಸುವುದಿಲ್ಲ. ಸೋರಿಕೆ ನಿಲ್ಲಿಸುತ್ತದೆ ಎಂದು ಬಾಟಲಿಯಲ್ಲಿ ಮಾರುವ ಔಷಧವೂ ರಬ್ಬರನ್ನು ಉಬ್ಬಿಸಿ ಕೆಲವು ವಾರ ದೂಡುತ್ತದೆ, ಅಷ್ಟೇ.

ಕಾರಿಗೆ 15 ವರ್ಷ ತುಂಬುತ್ತಿದೆ, ಸಾರಿಗೆ ಕಚೇರಿಯಲ್ಲಿ ನೋಂದಣಿ ನವೀಕರಿಸಬೇಕು, ಸ್ಟೀರಿಂಗಿಗೆ ದುಡ್ಡು ಹಾಕುವುದು ಸರಿಯೇ ಎಂದು ಇನ್ನೊಬ್ಬರು ಕೇಳಿದರು. ನವೀಕರಿಸಿದರೆ ಇನ್ನೂ 5 ವರ್ಷ ಆ ಕಾರಿನಲ್ಲಿ ನಿಮ್ಮವರು ಓಡಾಡುತ್ತಾರೆ. ಪೇಂಟಿಗೂ ಸೀಟ್ ಕವರಿಗೂ ಇಟ್ಟಿರುವ ದುಡ್ಡನ್ನು ಮೊದಲು ಹೋಸು, ಬೆಲ್ಟು, ಬೂಟು, ಟೈ ರಾಡ್ ತುದಿಗಳಿಗೆ ಹಾಕಿ ಎಂದು ಹೇಳಿದೆ.

ಸಭೆ ಮುಗಿದ ಮೇಲೆ ಆ ಕೆಂಪು ಹನಿಯ ಕಾರಿನವರು ತಾವಾಗಿಯೇ ಬಂದರು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರು, ಮರುದಿನ ಬೆಳಿಗ್ಗೆ ಮಕ್ಕಳೊಡನೆ ಗಾಣಗಾಪುರಕ್ಕೆ ಹೊರಟಿದ್ದರು. ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ನೋಡಿದೆವು. ಹೋಸಿನ ಬಳೆಯ ಹತ್ತಿರವೇ ಒದ್ದೆ, ಕೆಳಗಿನ ಬೆಲ್ಟಿನ ಒಂದು ಅಂಚು ಆಗಲೇ ಎಳೆ ಬಿಟ್ಟಿತ್ತು. ಬೆಳಿಗ್ಗೆ ಬಸ್ಸಿಗೆ ಹೋಗುವುದೆಂದು ಅಲ್ಲಿಯೇ ನಿರ್ಧರಿಸಿದರು. ಎಂಜಿನ್ ಆರಿಸಿ, ಕೀಲಿ ಆನ್ ಮಾಡಿ, ಆಕೆಯನ್ನು ಸ್ಟೀರಿಂಗ್ ಮುಂದೆ ಕೂರಿಸಿದೆ. ಸಭೆಗೆ ಬಂದಿದ್ದ ಇಬ್ಬರು ಹುಡುಗರು ಹಿಂದಿನಿಂದ ತಳ್ಳಿದರು. ಮೊದಲ ಸಲ ಒಂದು ಕೈಯಿಂದ ಎಳೆದು, "ಇದು ತಿರುಗುವುದಿಲ್ಲ ಸರ್" ಎಂದರು. ಎರಡೂ ಕೈ ಹಾಕಿ, ಸೀಟಿನಲ್ಲಿ ಮುಂದೆ ಸರಿದು ಕುಳಿತು ಮತ್ತೆ ಎಳೆದರು. ಫರಶಿಯ ಮೇಲೆ ಟೈರು ಕರಕರ ಸದ್ದು ಮಾಡುತ್ತಾ ಎಡಕ್ಕೆ ಹೊರಳಿತು. "ಇನ್ನೊಮ್ಮೆ ತಳ್ಳಿರಪ್ಪಾ" ಎಂದು ಆಕೆಯೇ ಹುಡುಗರಿಗೆ ಹೇಳಿದರು.